ಬಾಡಿಗೆ ಮನೆ ಹಿಡಿಯುವ ಮುಂಚೆ: ಆರೋಗ್ಯ ಕೆಡದ ಹಾಗೆ ಮನೆ ನೋಡುವುದು ಹೇಗೆ?

"ಈ ಮನೆಗೆ ಬಂದ ಮೇಲೆ ಮಗುವಿಗೆ ಕೆಮ್ಮು ಬಿಡ್ತಾನೇ ಇಲ್ಲ. ಮನೆಯೇ ಕಾರಣ ಇರಬಹುದಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಬೇರೆ ಮನೆಗೆ ಹೋಗೋಣ ಅಂದ್ರೆ ಬಾಡಿಗೆ ಕೈಗೆ ಎಟುಕಲ್ಲ. ಏನು ಮಾಡೋದು?"

ಮೊದಲನೆಯದಕ್ಕೆ ಉತ್ತರ: ಹೌದು, ಇರಬಹುದು. ಎರಡನೆಯದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಅದಕ್ಕೇ ಈ ಲೇಖನ. ಬೆಂಗಳೂರಿನ ಬಾಡಿಗೆ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬೇರೆ ಊರಿನವರಿಗೂ ಬಹುಪಾಲು ಹೊಂದುತ್ತದೆ. ಕರಾವಳಿ, ಮಲೆನಾಡಿನವರು ತೇವದ ಭಾಗವನ್ನು ಎರಡು ಸಲ ಓದಿ.

ಮನೆಗೂ ಕಾಯಿಲೆಗೂ ಇರುವ ನಂಟು ಈ ಊರಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಾದ ಮನೆಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಮಲ, ಕಸ ಸಾಗಿಸಲು ಬಿಟ್ಟ ಓಣಿ) ಅಂತ ಬೆಳೆದದ್ದು ಆ ಕಾಲದಲ್ಲೇ. ಈಗ 20×30 ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿದೆ. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ ಕೈಗೆ ಸಿಗುತ್ತದೆ.

ಮನೆ ನೋಡಲು ಹೋಗುವಾಗ ಇಷ್ಟು ಜೊತೆಗಿರಲಿ: ಟಾರ್ಚ್ ಮತ್ತು ಕ್ಯಾಮೆರಾಕ್ಕೆ ನಿಮ್ಮ ಮೊಬೈಲ್, ಒಂದು ಅಳತೆ ಟೇಪು, ಎರಡು ಊದುಬತ್ತಿ, ಬೆಂಕಿಪೊಟ್ಟಣ.

ಹಂತ 1: ಬಾಡಿಗೆ ಅಲ್ಲ, ತಿಂಗಳ ಪೂರ್ತಿ ಖರ್ಚು ಲೆಕ್ಕ ಹಾಕಿ

ಟು-ಲೆಟ್ ಬೋರ್ಡಿನಲ್ಲಿ ಬರೆದಿರುವುದು ಬಾಡಿಗೆ ಮಾತ್ರ. ಅದಕ್ಕೆ ಮೇಂಟೆನೆನ್ಸ್, ನೀರಿನ ದುಡ್ಡು, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡಿನ ಪಾಲು, ಕರೆಂಟ್ ಬಿಲ್, ಕೆಲಸಕ್ಕೆ ಹೋಗಿ ಬರುವ ಖರ್ಚು ಸೇರಿಸಿ. ಅಡ್ವಾನ್ಸ್ ಕೊಡಲು ಸಾಲ ಮಾಡುವುದಾದರೆ ಅದರ ಬಡ್ಡಿಯನ್ನೂ ಸೇರಿಸಿ. ಬಹಳ ಜನ ಮರೆಯುವುದು ಇದನ್ನೇ.

ಉದಾಹರಣೆಗೆ, ಬಾಡಿಗೆ 15,000 ಇದ್ದು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು ಅಂತಿಟ್ಟುಕೊಳ್ಳಿ. ಒಂದೂವರೆ ಲಕ್ಷವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 3,000 ಬಡ್ಡಿಗೇ ಹೋಯಿತು. ಅಲ್ಲಿಗೆ ಮನೆ 18,000ದ್ದಾಯಿತು. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ. ರಾಜ್ಯಗಳು ತಮ್ಮ ಕಾಯ್ದೆಯಲ್ಲಿ ಸೇರಿಸಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ. ಅದನ್ನು ತೋರಿಸಿ ಓನರ್ ಜೊತೆ ಜಗಳ ಆಡಿ ಗೆಲ್ಲಲಾಗುವುದಿಲ್ಲ. ಚೌಕಾಸಿಗೆ ಒಂದು ಮಾತಾಗಿ ಬಳಸಬಹುದು.

ಆದಾಯದಲ್ಲಿ ಶೇ 30 ಬಾಡಿಗೆಗೆ ಇಡಬಹುದು ಅನ್ನುವ ಸೂತ್ರ ಕೇಳಿರುತ್ತೀರಿ. ನನಗೆ ಅದರ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಲಕ್ಷ ಸಂಬಳದವರಿಗೆ 30 ಹೋದರೂ 70 ಸಾವಿರ ಉಳಿಯುತ್ತದೆ. 20 ಸಾವಿರದವರಿಗೆ 14 ಸಾವಿರ ಉಳಿಯುತ್ತದೆ. ಅದರಲ್ಲಿ ನಾಲ್ಕು ಜನ ಊಟ ಮಾಡಬೇಕು. ಹಾಗಾಗಿ ಉಲ್ಟಾ ಲೆಕ್ಕ ಹಾಕಿ. ಊಟ, ಹಾಲು, ಔಷಧಿ, ಮಕ್ಕಳ ಫೀಸು, ಸಾಲದ ಕಂತು ಮೊದಲು ಎತ್ತಿಡಿ. ಉಳಿದದ್ದರಲ್ಲಿ ಮನೆ ಹುಡುಕಿ.

ಇದರಲ್ಲಿ ಆರೋಗ್ಯದ ಮಾತು ಎಲ್ಲಿ ಬಂತು ಅಂತೀರಾ? ಬಾಡಿಗೆಗೆ ತಾರೀಖಿದೆ, ಓನರ್ ಬಂದು ಕೇಳುತ್ತಾರೆ. ಬಿಪಿ ಮಾತ್ರೆ ಬಂದು ಕೇಳುವುದಿಲ್ಲ. ದುಡ್ಡು ಸಾಲದಾದಾಗ ಮೊದಲು ನಿಲ್ಲುವುದು ಹಣ್ಣು, ಮೊಟ್ಟೆ, ತಿಂಗಳ ಚೆಕಪ್ಪು, ಮಾತ್ರೆ. ಇಲ್ಲವೇ ಬಾಡಿಗೆ ಹಂಚಿಕೊಳ್ಳಲು ಒಂದು ರೂಮಿಗೆ ನಾಲ್ಕೈದು ಜನ ಸೇರುತ್ತಾರೆ. ಒಬ್ಬರಿಗೆ ಬಂದದ್ದು ಎಲ್ಲರಿಗೂ ಅಂಟುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಊರಾಚೆ ಬಾಡಿಗೆ ಕಡಿಮೆ ಅಂತ ಹೋಗಿ ದಿನಕ್ಕೆ ಮೂರು ತಾಸು ಬಸ್ಸಿನಲ್ಲಿ ಕಳೆಯುವುದು. ಉಳಿಸಿದ ದುಡ್ಡು ಪ್ರಯಾಣಕ್ಕೂ ಹೋಯಿತು, ನಿದ್ದೆಯೂ ಹೋಯಿತು. ಇನ್ನೊಂದು, ಭೋಗ್ಯ. ಬೆಂಗಳೂರಿನಲ್ಲಿ ಲೀಸ್ ಅನ್ನುವುದು ಇದಕ್ಕೇ: ಕೆಲವು ಲಕ್ಷ ಒಟ್ಟಿಗೆ ಕೊಟ್ಟು ಎರಡು-ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ಗೋಡೆ ಪಸೆ ಹಿಡಿದಿದೆ ಅಂತ ಮೊದಲ ಮಳೆಯಲ್ಲೇ ಗೊತ್ತಾದರೂ ದುಡ್ಡು ಸಿಕ್ಕಿಕೊಂಡಿರುತ್ತದೆ, ಬಿಟ್ಟು ಹೋಗಲು ಆಗುವುದಿಲ್ಲ. ಭೋಗ್ಯಕ್ಕೆ ಹಿಡಿಯುವವರು ಮುಂದಿನ ಹಂತಗಳಲ್ಲಿ ಇನ್ನೂ ಬಿಗಿಯಾಗಿರಬೇಕು.

ಹಂತ 2: ಹಗಲಿನಲ್ಲಿ ಹೋಗಿ, ಲೈಟ್ ಆರಿಸಿ

ಬ್ರೋಕರ್ ಸಂಜೆ ಏಳಕ್ಕೆ ಬನ್ನಿ ಅಂದರೆ ಬೇಡ ಅನ್ನಿ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಹೋಗಿ. ಒಳಗೆ ಹೋದ ತಕ್ಷಣ ಎಲ್ಲ ಲೈಟ್ ಆರಿಸಿ. ರೂಮಿನ ಮಧ್ಯೆ ನಿಂತು ಪೇಪರ್ ಓದಲು ಆಗುತ್ತದಾ ನೋಡಿ. ಆಗದಿದ್ದರೆ ಆ ರೂಮು ವರ್ಷವಿಡೀ ಹಾಗೇ ಇರುತ್ತದೆ.

ಆಮೇಲೆ ಕಿಟಕಿ ಅಳೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಕಟ್ಟಡ ಹೇಗಿರಬೇಕು ಅಂತ ದೇಶಕ್ಕೆಲ್ಲ ಮಾಡಿದ ನಿಯಮಗಳ ಪುಸ್ತಕ, ಒಣ ಸೆಕೆಯ ಪ್ರದೇಶದಲ್ಲಿ ತೆರೆಯುವ ಕಿಟಕಿಯ ಜಾಗ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು ಅನ್ನುತ್ತದೆ. ಕರಾವಳಿಯಂಥ ತೇವದ ಸೆಕೆಗೆ ಆರನೇ ಒಂದು ಭಾಗ. 10×12 ಅಡಿ ರೂಮಿಗೆ 12 ಚದರ ಅಡಿ ಅಂದರೆ 4×3ರ ಕಿಟಕಿ. ಮಂಗಳೂರಿನಲ್ಲಾದರೆ 20 ಚದರ ಅಡಿ ಬೇಕು.

ಸ್ಲೈಡಿಂಗ್ ಕಿಟಕಿ ಇದ್ದರೆ ಮೋಸ ಹೋಗಬೇಡಿ. ಅದು ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಆ ಅರ್ಧವನ್ನೇ. ಕಿಟಕಿ ಆಕಾಶದ ಕಡೆ ತೆರೆಯುತ್ತದೋ, ಪೈಪುಗಳಿರುವ ಡಕ್ಟ್ ಕಡೆಗೋ, ಅದನ್ನೂ ನೋಡಿ. ಡಕ್ಟ್ ಅಂದರೆ ಕಟ್ಟಡದ ಒಳಗೆ ಬಿಟ್ಟ ಕಿರಿದಾದ ಬಾವಿಯಂಥ ಜಾಗ. ಅಲ್ಲಿಂದ ಬರುವುದು ಹೊಸ ಗಾಳಿಯಲ್ಲ, ಬೇರೆಯವರ ಬಚ್ಚಲಿನ ಗಾಳಿ.

ಈಗ ಊದುಬತ್ತಿ ಹಚ್ಚಿ. ಫ್ಯಾನ್ ಆರಿಸಿ, ಕಿಟಕಿ ಬಾಗಿಲು ತೆಗೆದು ರೂಮಿನ ನಡುವೆ ಹಿಡಿಯಿರಿ. ಹೊಗೆ ಒಂದು ಕಡೆ ವಾಲಿ ಹೊರಗೆ ಹೋದರೆ ಗಾಳಿ ಹರಿಯುತ್ತಿದೆ. ಸುಮ್ನೆ ಮೇಲೆದ್ದು ಅಲ್ಲೇ ಸುತ್ತಿದರೆ ಇಲ್ಲ.

ಗಾಳಿಗೆ ಇಷ್ಟು ಮಹತ್ವ ಯಾಕೆ? ಟಿಬಿ, ಫ್ಲೂ ಹರಡುವುದು ಗಾಳಿಯಲ್ಲಿ. ಕೆಮ್ಮಿದವರ ಬಾಯಿಂದ ಬಂದ ರೋಗಾಣು ಮುಚ್ಚಿದ ರೂಮಿನಲ್ಲಿ ತಾಸುಗಟ್ಟಲೆ ತೇಲುತ್ತದೆ. ಗಾಳಿ ಹರಿದರೆ ತೆಳುವಾಗಿ ಹೋಗುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಇಕ್ಕಟ್ಟು, ಅಪೌಷ್ಟಿಕತೆ ಎರಡೂ ಅದಕ್ಕೆ ದಾರಿ. ಎರಡೂ ದುಡ್ಡಿಲ್ಲದವರ ಮನೆಯಲ್ಲೇ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಬಾಡಿಗೆಗೆ ಕತ್ತಲೆಯ ಎರಡು ಬೆಡ್‌ರೂಮ್ ಮತ್ತು ಬೆಳಕಿನ ಒಂದು ಬೆಡ್‌ರೂಮ್ ಸಿಕ್ಕರೆ ಎರಡನೆಯದನ್ನು ಹಿಡಿಯಿರಿ. ಮೂರು ಜನ ಇರುವವರೆಗೆ ಈ ಮಾತು. ಐದಾರು ಜನ ಇದ್ದರೆ ಜಾಗವೂ ಬೇಕೇ ಬೇಕು.

ಹಂತ 3: ತೇವ ಹುಡುಕಿ

ಇದಕ್ಕೆ ಸಮಯ ಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಪಸೆ ಹಿಡಿದ ಮನೆಯಲ್ಲಿರುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಜಾಸ್ತಿ ಅನ್ನುವುದು ಅದರ ಸಾರ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣ ಅಂತ 2022ರಲ್ಲಿ ಅಧಿಕೃತ ವಿಚಾರಣೆ ಹೇಳಿತು. ಆ ಮಗುವಿನ ಹೆಸರಿನಲ್ಲಿ ಬಂದ 'ಅವಾಬ್ ಕಾಯ್ದೆ' ಪ್ರಕಾರ, 2025ರ ಅಕ್ಟೋಬರ್‌ನಿಂದ ಅಲ್ಲಿನ ಸಾಮಾಜಿಕ ವಸತಿ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತ, ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿ, ತೇವದ ದೂರನ್ನು ಗೊತ್ತಾದ ಗಡುವಿನೊಳಗೆ ನೋಡಲೇಬೇಕು. ನಮ್ಮಲ್ಲಿ ಓನರ್‌ಗೆ ಅಂಥ ಗಡುವು ಇಲ್ಲ. ಹಾಗಾಗಿ ಮೊದಲೇ ನೋಡಿಕೊಳ್ಳುವುದೇ ದಾರಿ.

ಹುಡುಕಬೇಕಾದ ಜಾಗಗಳು:

ನೆಲದಿಂದ ಮೂರಡಿ ಎತ್ತರದವರೆಗಿನ ಗೋಡೆ. ಪೇಂಟು ಉಬ್ಬಿದ್ದರೆ, ಗಾರೆ ಉದುರುತ್ತಿದ್ದರೆ ಪಾಯದಿಂದ ನೀರು ಮೇಲೇರುತ್ತಿದೆ. ಗ್ರೌಂಡ್ ಫ್ಲೋರ್ ಮನೆಗಳ ಕಾಯಿಲೆ ಇದು. ಇದಕ್ಕೆ ಪೇಂಟಿನಿಂದ ಪರಿಹಾರ ಇಲ್ಲ. ದೊಡ್ಡ ರಿಪೇರಿಯೇ ಬೇಕು. ಅಂಥ ಮನೆ ಬಿಡುವುದೇ ವಾಸಿ.

ಬಾತ್‌ರೂಮಿನ ಆಚೆ ಬದಿಯ ಗೋಡೆ. ಸಾಮಾನ್ಯವಾಗಿ ಅಲ್ಲೇ ವಾರ್ಡ್‌ರೋಬ್ ಇರುತ್ತದೆ. ಬಾಗಿಲು ತೆಗೆದು ಒಳಗೆ ತಲೆ ಹಾಕಿ ಮೂಸಿ. ಮುಗ್ಗಲು ವಾಸನೆ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಒಳಗೆ ಬೂಷ್ಟಿದೆ.

ಮೇಲಿನ ಮನೆಯ ಬಾತ್‌ರೂಮ್ ಕೆಳಗಿನ ಸೀಲಿಂಗು. ಮೇಲಿನ ಮಹಡಿಯಾದರೆ ತಾರಸಿಗೆ ತಾಗಿದ ಮೂಲೆಗಳು. ಕಂದು ಬಣ್ಣದ ಉಂಗುರದಂಥ ಕಲೆ ಇದ್ದರೆ ಸೋರಿ ಒಣಗಿದ ಗುರುತು.

ಗೋಡೆ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟಲ್ಲ, ಉಪ್ಪು. ಒದ್ದೆ ಬೆರಳಿಟ್ಟರೆ ಕರಗುತ್ತದೆ. ಅದರಿಂದ ನೇರವಾಗಿ ಕಾಯಿಲೆ ಬರುವುದಿಲ್ಲ, ಆದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ.

ಎಚ್ಚರಿಕೆ: ಹೊಸ ಪೇಂಟಿನ ವಾಸನೆ ಬಂದರೆ ಖುಷಿ ಪಡಬೇಡಿ. ಪೂರ್ತಿ ಮನೆಗೆ ಹೊಡೆಸಿದ್ದರೆ ಸರಿ. ಒಂದೇ ಗೋಡೆಗೆ, ಒಂದೇ ಮೂಲೆಗೆ ಹೊಡೆಸಿದ್ದರೆ ಏನನ್ನೋ ಮುಚ್ಚಿದ್ದಾರೆ. "ಮಳೆಗಾಲದಲ್ಲಿ ಈ ಗೋಡೆ ಹೇಗಿರುತ್ತೆ?" ಅಂತ ಓನರ್‌ಗೆ ಅಲ್ಲ, ಪಕ್ಕದ ಮನೆಯವರಿಗೆ ಕೇಳಿ. ಆಗುವುದಾದರೆ ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ ನೋಡಿ.

ಹಂತ 4: ಗ್ಯಾಸ್ ಗೀಸರ್ ಎಲ್ಲಿದೆ?

ಬೇರೆಲ್ಲ ತೊಂದರೆ ನಿಧಾನಕ್ಕೆ ಬರುತ್ತವೆ. ಇದು ಹತ್ತು ನಿಮಿಷದಲ್ಲಿ ಜೀವ ತೆಗೆಯಬಹುದು. ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತಲ್ಲ, ಹಾಗೆ ಇದೂ ಗೊತ್ತಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಗೊತ್ತಾಗುವುದಿಲ್ಲ. ತಲೆ ಸುತ್ತಿ ಬೀಳುತ್ತಾರೆ, ಬಾಗಿಲು ಒಳಗಿಂದ ಹಾಕಿರುತ್ತದೆ.

ಗೀಸರ್ ಹೊರಗೆ, ತೆರೆದ ಯುಟಿಲಿಟಿಯಲ್ಲಿ ಇರಬೇಕು. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಬೇಕು. ಎಕ್ಸಾಸ್ಟ್ ಫ್ಯಾನ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ಓನರ್ ಒಪ್ಪದಿದ್ದರೆ ಆ ಗೀಸರ್ ಬಳಸಲೇಬೇಡಿ, ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಚಳಿಗೆ ರೂಮಿನಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿ ಮಲಗುವುದೂ ಇದೇ ಅಪಾಯ.

ಅಡುಗೆಮನೆಯಲ್ಲಿ ಚಿಮಣಿ ಇದ್ದರೆ ಅದರ ಪೈಪ್ ಗೋಡೆಯಾಚೆ ಹೋಗಿದೆಯಾ ನೋಡಿ. ಪೈಪಿಲ್ಲದ ಚಿಮಣಿ ಎಣ್ಣೆಜಿಡ್ಡು ಹಿಡಿದು ಗಾಳಿಯನ್ನು ವಾಪಸ್ ಒಳಗೇ ಬಿಡುತ್ತದೆ. ಅದಕ್ಕಿಂತ ಸಾದಾ ಎಕ್ಸಾಸ್ಟ್ ಫ್ಯಾನ್ ಒಳ್ಳೆಯದು.

ಹಂತ 5: ನೀರು ಮತ್ತು ಸೊಳ್ಳೆ

ಮೂರು ಪ್ರಶ್ನೆ ಕೇಳಿ. ಕಾವೇರಿ ನೀರು ಬರುತ್ತದಾ, ಬೋರ್‌ವೆಲ್ಲಾ, ಟ್ಯಾಂಕರಾ? ಸಂಪು ಮತ್ತು ಮೇಲಿನ ಟ್ಯಾಂಕ್ ಕೊನೆ ಸಲ ತೊಳೆದದ್ದು ಯಾವಾಗ? ಒಳಚರಂಡಿ ಚೇಂಬರ್ ಸಂಪಿನಿಂದ ಎಷ್ಟು ದೂರ?

ಸಂಪಿನ ಮುಚ್ಚಳ ನೆಲಕ್ಕೆ ಸಮವಾಗಿದ್ದು ಮೇಲೆ ಗಾಡಿ ನಿಲ್ಲಿಸುತ್ತಿದ್ದರೆ, ಗಾಡಿ ತೊಳೆದ ನೀರು, ಮಳೆ ನೀರು ಎಲ್ಲ ಅದರೊಳಗೇ ಇಳಿಯುತ್ತದೆ. ವಾಂತಿ-ಭೇದಿ, ಟೈಫಾಯ್ಡ್, ಕಾಮಾಲೆ ಬರುವುದು ಹೀಗೆ.

ಟಿಡಿಎಸ್ ಮೀಟರ್ ಅದ್ದಿ "ನೋಡಿ, ನೀರು ಶುದ್ಧ" ಅನ್ನುವವರ ಮಾತು ನಂಬಬೇಡಿ. ಅದು ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. ರೋಗಾಣು ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೆಲವು ಬೋರ್‌ವೆಲ್‌ಗಳಲ್ಲಿ ಇರುವ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ನಲ್ಲಿ ನೀರು ಕೊಳಕಾಗಿ ಬಂದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ.

ಡೆಂಗ್ಯೂ ಸೊಳ್ಳೆ ಹುಟ್ಟುವುದು ನಿಂತ ತಿಳಿನೀರಿನಲ್ಲಿ, ಕಚ್ಚುವುದು ಹಗಲಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. ನೀರು ಸರಿಯಾಗಿ ಬಾರದ ಮನೆಯಲ್ಲಿ ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ, ಅಲ್ಲೇ ಶುರುವಾಗುತ್ತದೆ. ಡ್ರಮ್ಮಿಗೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಪಕ್ಕದ ಖಾಲಿ ಸೈಟಿನಲ್ಲಿ ನೀರು ನಿಂತಿದ್ದರೆ ದೂರು ಕೊಡಲು ಹಿಂಜರಿಯಬೇಡಿ.

ಹಂತ 6: ಶೀಟ್ ಮನೆ, ಮೇಲಿನ ಮಹಡಿ

ಬಾಡಿಗೆ ಕಡಿಮೆ ಅಂದರೆ ಬಹಳ ಸಲ ತಾರಸಿ ಮೇಲಿನ ಶೀಟ್ ಮನೆ. ಬೇಸಿಗೆಯಲ್ಲಿ ಹಗಲೆಲ್ಲ ಕಾದು ಒಳಗೆ ಇರುವವರನ್ನು ಬೇಯಿಸುತ್ತದೆ. ವಯಸ್ಸಾದವರು, ಬಸುರಿಯರು, ಹಸುಗೂಸು ಇದ್ದರೆ ಯೋಚಿಸಿ. ರಾಯಚೂರು, ಕಲಬುರಗಿ ಕಡೆಯಾದರೆ ಎರಡು ಸಲ ಯೋಚಿಸಿ. ಅದೇ ಹಿಡಿಯಬೇಕಾಗಿ ಬಂದರೆ ಮಾರ್ಚ್‌ಗೆ ಮುಂಚೆ ಶೀಟಿನ ಮೇಲೆ ಬಿಳಿ ಸುಣ್ಣ ಅಥವಾ ಬಿಳಿ ಕೂಲ್-ರೂಫ್ ಪೇಂಟ್ ಹೊಡೆಸಿ. ಬಿಸಿಲನ್ನು ವಾಪಸ್ ಎಸೆದು ಒಳಗಿನ ಬಿಸಿ ಇಳಿಸುವ ಅಗ್ಗದ ದಾರಿ ಅದೇ. ಸಿಮೆಂಟ್ ಶೀಟ್ ಆಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ನಾರು ಇರಬಹುದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣ. ಕೊರೆಯಬೇಡಿ, ಕತ್ತರಿಸಬೇಡಿ, ಬ್ರಷ್ ಹಾಕಿ ಉಜ್ಜಬೇಡಿ.

ಹಂತ 7: ಅಗ್ರಿಮೆಂಟಿನಲ್ಲಿ ರಿಪೇರಿ ಬರೆಸಿ

ಹನ್ನೊಂದು ತಿಂಗಳ ಅಗ್ರಿಮೆಂಟ್ ಅಚ್ಚು ಹಾಕಿದಂತೆ ಒಂದೇ ಥರ ಇರುತ್ತದೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು, ಅದಕ್ಕೇ ಹನ್ನೊಂದು. ಅದರಲ್ಲಿ ಬಾಡಿಗೆದಾರ ಏನು ಮಾಡಬಾರದು ಅಂತ ಪುಟಗಟ್ಟಲೆ ಇರುತ್ತದೆ. ರಿಪೇರಿ ಯಾರದು ಅಂತ ಇರುವುದಿಲ್ಲ.

ಈ ಸಾಲು ಸೇರಿಸಲು ಕೇಳಿ: "ತಾರಸಿ, ಗೋಡೆ, ನೀರಿನ ಹಾಗೂ ಒಳಚರಂಡಿ ಪೈಪುಗಳ ಸೋರಿಕೆಯನ್ನು ಲಿಖಿತವಾಗಿ ತಿಳಿಸಿದ 15 ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು." ಯಾಕೆಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೀಗನ್ನುತ್ತದೆ: ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. 'ಮಾಡಲೇಬೇಕಾದ' ಅನ್ನುವುದು ಅಗ್ರಿಮೆಂಟಿನಲ್ಲಿ ಇಲ್ಲದಿದ್ದರೆ ಈ ಸೆಕ್ಷನ್ ಕೈ ಹಿಡಿಯುವುದು ಕಷ್ಟ. ದುಡ್ಡು ಹಿಡಿಯುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ.

ಕೀ ತೆಗೆದುಕೊಂಡ ದಿನವೇ ಪ್ರತಿ ಗೋಡೆ, ಸೀಲಿಂಗ್ ವಿಡಿಯೊ ಮಾಡಿ ಓನರ್‌ಗೆ ವಾಟ್ಸ್‌ಆ್ಯಪ್ ಕಳಿಸಿ. ತಾರೀಖು ಸಮೇತ ದಾಖಲೆ ಆಯಿತು. ದೂರನ್ನೂ ಹೀಗೇ ಬರೆದು ಕಳಿಸಿ, ಬಾಯಲ್ಲಿ ಹೇಳಿ ಬಿಡಬೇಡಿ.

ಹಂತ 8: ಈಗಿರುವ ಮನೆ ಬಿಡಲು ಆಗದವರಿಗೆ

ಮೊದಲು ನೀರು ಎಲ್ಲಿಂದ ಬರುತ್ತಿದೆ ಪತ್ತೆ ಮಾಡಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದಡಿ ಚೌಕ ಕತ್ತರಿಸಿ, ಒಣಗಿದಂತೆ ಕಾಣುವ ಗೋಡೆ ಭಾಗಕ್ಕೆ ನಾಲ್ಕೂ ಅಂಚು ಟೇಪ್ ಮಾಡಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಗೋಡೆ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಅದು ಓನರ್ ಕೆಲಸ. ನಿಮ್ಮ ಕಡೆ ಹನಿ ಇದ್ದರೆ ಮನೆಯೊಳಗಿನ ಹಬೆ. ಅದು ನಿಮ್ಮ ಕೈಯಲ್ಲಿದೆ.

ಹಬೆ ಕಡಿಮೆ ಮಾಡಲು: ಒದ್ದೆ ಬಟ್ಟೆ ಮಲಗುವ ರೂಮಿನಲ್ಲಿ ಒಣಗಿಸಬೇಡಿ. ಅನ್ನ ಬೇಯುವಾಗ, ಸ್ನಾನವಾದ ಮೇಲೆ ಕಿಟಕಿ ತೆಗೆಯಿರಿ. ಮಂಚ, ಬೀರು ಗೋಡೆಯಿಂದ ಒಂದು ಗೇಣು ದೂರ ಇಡಿ. ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ಅಳೆಯುವ ಸಣ್ಣ ಮೀಟರ್, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮಳೆ ಇಲ್ಲದ ದಿನಗಳಲ್ಲೂ ಒಳಗೆ ಶೇ 60 ಮೀರುತ್ತಲೇ ಇದ್ದರೆ ಬೂಷ್ಟಿಗೆ ಹಬ್ಬ.

ಬೂಷ್ಟು ಸಣ್ಣ ಜಾಗದಲ್ಲಿದ್ದರೆ, ಹತ್ತು ಚದರ ಅಡಿಯೊಳಗೆ, ನೀವೇ ತೆಗೆಯಬಹುದು. ಎನ್‌95 ಮಾಸ್ಕ್, ಗ್ಲೌಸ್ ಹಾಕಿ. ಸೋಪಿನ ನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಒಣ ಬ್ರಷ್ಷಿನಿಂದ ಉಜ್ಜಿದರೆ ಪುಡಿ ಮನೆಯೆಲ್ಲ ಹಾರುತ್ತದೆ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಉಬ್ಬಸ ಇರುವವರು ಈ ಕೆಲಸ ಮಾಡಬಾರದು. ನೀರು ನಿಲ್ಲಿಸದೆ ಮೇಲೆ ಪೇಂಟ್ ಹೊಡೆಸಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಡಾಕ್ಟರ ಹತ್ತಿರ ಹೋದಾಗ ಮನೆಯ ವಿಷಯ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಗೋಡೆಯ ಫೋಟೊ ತೋರಿಸಿ. ರಜೆಗೆ ಊರಿಗೆ ಹೋದಾಗ ಮಗುವಿನ ಕೆಮ್ಮು ಕಡಿಮೆಯಾಗಿ, ವಾಪಸ್ ಬಂದ ಮೇಲೆ ಜಾಸ್ತಿ ಆಗುತ್ತದಾ? ಅದನ್ನೂ ಹೇಳಿ. ದೊಡ್ಡವರಿಗೆ ಕೆಮ್ಮು ಎರಡು ವಾರ ದಾಟಿದರೆ "ಥಂಡಿ ಗೋಡೆ ಇರ್ಬೇಕು" ಅಂತ ಸುಮ್ಮನಿರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ, ಟಿಬಿ ಇದ್ದರೆ ಔಷಧಿಯೂ ಉಚಿತ. ಬಾಡಿಗೆ ಬಾಕಿ, ಸಾಲ, ಮನೆ ಖಾಲಿ ಮಾಡು ಅನ್ನುವ ಒತ್ತಡದಿಂದ ನಿದ್ದೆ ಹೋಗಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಂತ 9: ಬಿಡಲೇಬೇಕಾದಾಗ

ಸೀಲಿಂಗ್ ಗಾರೆ ಉದುರುತ್ತಿದ್ದರೆ, ಮಗುವನ್ನು ಉಬ್ಬಸಕ್ಕೆ ಪದೇ ಪದೇ ಅಡ್ಮಿಟ್ ಮಾಡಬೇಕಾಗಿ ಬಂದರೆ, ಬರೆದು ಕೊಟ್ಟ ದೂರಿಗೆ ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ಕಾಯಬೇಡಿ. ಅಗ್ರಿಮೆಂಟಿನಲ್ಲಿ ಹೇಳಿದಷ್ಟು ಮುಂಚೆ ಲಿಖಿತ ನೋಟಿಸ್ ಕೊಡಿ. ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ತೇವದಿಂದ ಹಾಳಾದ ಗೋಡೆಯ ದುಡ್ಡನ್ನೂ ನಿಮ್ಮ ತಲೆಗೇ ಕಟ್ಟಿದರೆ ಕೀ ತೆಗೆದುಕೊಂಡ ದಿನದ ವಿಡಿಯೊ ತೋರಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಳೆ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರಿಗೆ, ಜೋಡಿಸಿದ ಆಧಾರ್ ಬಿಡಿಸಿಕೊಂಡ ಮೇಲೆ ಮಾತ್ರ ಹೊಸ ಮನೆಯಲ್ಲಿ ಅರ್ಜಿ ಹಾಕಬಹುದು. ಸಾಮಾನು ಲಾರಿಗೆ ಏರಿಸುವ ಮುಂಚೆಯೇ ಆ ಕೆಲಸ ಮುಗಿಸಿ.